ಹಿತ್ತಿಲ ಮುತ್ತುಗ ಮತ್ತು ಜನ್ನನ ವಸಂತ

ಮಾಘಮಾಸ ಕಳೆಯುವ ಹೊತ್ತಿಗೆ ನಮ್ಮ ಮನೆಯ ಹಿತ್ತಿಲಿನಲ್ಲಿ ಹೂಗಳ ಸರದಿ ಆರಂಭವಾಗುತ್ತದೆ. ಮೊದಲು ಮಾವು ತೆನೆ ಬಿಡುತ್ತದೆ. ಅದರ ಹಿಂದೆಯೇ, ಎಲೆಗಳನ್ನೆಲ್ಲ ಕಳೆದುಕೊಂಡು ನಿಂತ ಬೇಲಿಯಂಚಿನ ಮುತ್ತುಗದ ಕೊಂಬೆಗಳಲ್ಲಿ ಕಪ್ಪು ಮಖಮಲ್ಲಿನಂತಹ ಮೊಗ್ಗುಗಳು ಕಾಣಿಸಿಕೊಳ್ಳುತ್ತವೆ. ಬಾವಿಯ ಬಳಿಯ ಅಶೋಕ ಹಳೆಯ ಕೊಂಬೆಗಳ ಮೇಲೆಯೇ ಗೊಂಚಲು ಕಟ್ಟುತ್ತದೆ. ಯುಗಾದಿ ಹತ್ತಿರವಾದಂತೆ ಮಲ್ಲಿಗೆಯ ಬಳ್ಳಿ ಚಿಗುರಿ ಮೊಗ್ಗು ತಳೆಯುತ್ತದೆ. ಪಂಚಾಂಗದ ಪ್ರಕಾರ ವಸಂತವು ಚೈತ್ರ ವೈಶಾಖಗಳದು. ಆದರೆ ಕನ್ನಡ ನಾಡಿನ ಮರಗಿಡಗಳು ಚೈತ್ರಕ್ಕಾಗಿ ಕಾಯುವುದಿಲ್ಲ. ಶಿಶಿರವು ಇನ್ನೂ ಮುಗಿಯದಿರುವಾಗಲೇ ಅವು ವಸಂತವನ್ನು ತೊಡಗಿಬಿಡುತ್ತವೆ. ವಸಂತಪಂಚಮಿಯು ಮಾಘ ಶುದ್ಧ ಪಂಚಮಿಯಂದು ಬರುವುದರ ಹಿಂದೆಯೂ ಇಂತಹದೇ ತಿಳಿವಳಿಕೆ ಇದ್ದಿರಬೇಕು.

ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗೆ ಹಿತ್ತಿಲಿನ ಈ ಸಂಗತಿಗಳಿಂದ ಏನು ಪ್ರಯೋಜನವೆಂದು ಕೇಳಬಹುದು. ಹಳಗನ್ನಡ ಕಾವ್ಯಗಳ ವಸಂತವರ್ಣನೆಯನ್ನು ಅಷ್ಟಾದಶ ವರ್ಣನೆಗಳಲ್ಲೊಂದೆಂದು ಹೇಳಿ ಮುಂದೆ ಸಾಗುವುದು ನಮ್ಮ ತರಗತಿಗಳ ರೂಢಿ. ಸಂಸ್ಕೃತದಿಂದ ಬಂದ ಸಿದ್ಧಪಟ್ಟಿಯೊಂದನ್ನು ಕವಿಗಳು ಒಬ್ಬರಾದ ಮೇಲೊಬ್ಬರು ಬಳಸಿದರೆಂಬುದು ಅದರ ಹಿಂದಿರುವ ಎಣಿಕೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ, ಹಾಗೆಯೇ ಪಾಠವನ್ನೂ ಹೇಳಿದೆ. ಜನ್ನನ 'ಯಶೋಧರ ಚರಿತೆ'ಯ ಒಂದು ಕಂದಪದ್ಯವನ್ನು ಮರಳಿ ಓದುವಂತೆ ಮಾಡಿದ್ದು ನಮ್ಮ ಹಿತ್ತಿಲಿನ ಮುತ್ತುಗದ ಮರ. ಅದನ್ನು ವಿವರಿಸುವುದೇ ಈ ಬರೆಹದ ಉದ್ದೇಶ. ಅದಕ್ಕೆ ಮೊದಲು ಕಾವ್ಯದ ಹೂಗಳಿಗೂ ನಮ್ಮ ಕಣ್ಣೆದುರಿನ ಹೂಗಳಿಗೂ ಇರುವ ಸಂಬಂಧದ ಬಗ್ಗೆ ಕೆಲವು ಮಾತುಗಳು ಅವಶ್ಯ.

ಎರಡು ಅಶೋಕಗಳು

ಇಂದು ನಗರಗಳ ಮನೆಯಂಗಳಗಳಲ್ಲಿ, ಶಾಲೆಗಳ ಆವರಣಗಳಲ್ಲಿ ಅಶೋಕವೆಂದು ಕರೆಯಿಸಿಕೊಳ್ಳುತ್ತಿರುವುದು ಕಂಬದಂತೆ ನೆಟ್ಟಗೆ ಬೆಳೆದು, ಕೊಂಬೆಗಳನ್ನು ಕೆಳಕ್ಕೆ ಇಳಿಬಿಡುವ ಮರ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಮೊನೂನ್ ಲಾಂಗಿಫೋಲಿಯಮ್. ಅದರ ಹೂಗಳು ತಿಳಿಹಸಿರು. ಎಲೆಗಳ ನಡುವೆ ಅವು ಕಣ್ಣಿಗೆ ಬೀಳುವುದೇ ಕಷ್ಟ. ಕಾವ್ಯದ ಅಶೋಕ ಇದಲ್ಲ. ಅದು ಸರಾಕ ಅಶೋಕ. ಸೀತಾಫಲದ ವಂಶಕ್ಕೆ ಸೇರಿದ ಮೊದಲನೆಯ ಮರಕ್ಕೂ ಹುಣಸೆಯ ವಂಶದ ಈ ಮರಕ್ಕೂ ನಂಟಿಲ್ಲ. ನಿಜವಾದ ಅಶೋಕದ ಹೂವಿಗೆ ಎಸಳುಗಳಿಲ್ಲ. ನಾವು ಎಸಳೆಂದು ತಿಳಿಯುವುದು ಬಣ್ಣ ತಳೆದ ಪುಷ್ಪಪಾತ್ರೆಯ ದಳಗಳನ್ನು. ಅರಳಿದಾಗ ಹೊಂಬಣ್ಣವಾಗಿದ್ದು ದಿನ ಕಳೆದಂತೆ ಕೆಂಪಾಗುವುದರಿಂದ ಒಂದೇ ಗೊಂಚಲಿನಲ್ಲಿ ಎರಡು ಮೂರು ವರ್ಣಗಳು ಕಾಣುತ್ತವೆ. ಎಳೆಯ ತಳಿರು ತಾಮ್ರದ ಬಣ್ಣದ್ದಾಗಿದ್ದು ಜೋತುಬಿದ್ದಿರುತ್ತದೆ. ಅಶೋಕದ ತಳಿರನ್ನು ಕವಿಗಳು ಕೆಂಪೆಂದು ವರ್ಣಿಸುವುದಕ್ಕೆ ಆಧಾರ ಇಲ್ಲಿದೆ. ಕಂಬದಂತಹ ಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಹಳಗನ್ನಡ ಓದುವ ವಿದ್ಯಾರ್ಥಿಗೆ ಇಂತಹ ವರ್ಣನೆಗಳೆಲ್ಲ ಬರಿಯ ಉತ್ಪ್ರೇಕ್ಷೆಗಳಾಗಿ ತೋರಿದರೆ ಅದು ಅವನ ತಪ್ಪಲ್ಲ. ಔಷಧಿಗಾಗಿ ತೊಗಟೆ ಸುಲಿಯುವುದು ಹೆಚ್ಚಿ ನಿಜವಾದ ಅಶೋಕವು ಕಾಡುಗಳಲ್ಲಿ ಅಪಾಯಕ್ಕೆ ಈಡಾದ ಮರಗಳ ಪಟ್ಟಿಗೆ ಸೇರಿದೆ.

ಇದಕ್ಕೆ ವಿರುದ್ಧವಾದ ಪ್ರಮಾದವೂ ಉಂಟು. ಇಂದಿನ ಹಿತ್ತಿಲಿನಲ್ಲಿರುವುದೆಲ್ಲ ಅಂದೂ ಇದ್ದಿತೆಂದು ಭಾವಿಸುವುದು. ದೇವಗಣಗಿಲೆ, ಚೆಂಡುಹೂ, ಸುಗಂಧರಾಜ, ಕಾಗದದ ಹೂವೆಂದು ಕರೆಯುವ ಬೋಗನ್‌ವಿಲ್ಲಾ ಇವೆಲ್ಲವೂ ಅಮೆರಿಕ ಖಂಡದ ಮೂಲದವು. 1500ರ ನಂತರ ಸಮುದ್ರಮಾರ್ಗವಾಗಿ ನಮ್ಮಲ್ಲಿಗೆ ಬಂದವು. ಪಂಪನಾಗಲಿ ಜನ್ನನಾಗಲಿ ಅವುಗಳನ್ನು ಕಂಡಿರಲು ಸಾಧ್ಯವಿಲ್ಲ. ಮಾವು, ಮುತ್ತುಗ, ಅಶೋಕ, ಮಲ್ಲಿಗೆ, ಸಂಪಗೆ, ಸುರಗಿ, ಪಾದರಿ ಇವು ಈ ನೆಲದ ಹಳೆಯ ನೆಂಟರು. ಕಾವ್ಯದ ವಸಂತವನ್ನು ಓದುವಾಗ ನಮ್ಮ ಹಿತ್ತಿಲಿನಿಂದ ಕೆಲವನ್ನು ಕಳೆದು, ಕೆಲವನ್ನು ಸರಿಯಾಗಿ ಗುರುತಿಸಿಕೊಳ್ಳಬೇಕಾಗುತ್ತದೆ.

ಕವಿಸಮಯವೂ ಕಣ್ಣೂ

ಕವಿಗಳು ನಿಸರ್ಗವನ್ನು ನೋಡದೆ ಬರೆದರೆಂಬ ಆಕ್ಷೇಪಕ್ಕೆ ಆಧಾರವಾಗಿ ಸಾಮಾನ್ಯವಾಗಿ ಕವಿಸಮಯವನ್ನು ಮುಂದಿಡುತ್ತಾರೆ. ಹೆಣ್ಣಿನ ಪಾದಸ್ಪರ್ಶದಿಂದ ಅಶೋಕ ಅರಳುತ್ತದೆ, ಅವಳ ಬಾಯ ಮದ್ಯದಿಂದ ವಕುಲ ಅರಳುತ್ತದೆ ಎಂಬಂತಹ ನಂಬಿಕೆಗಳು ಎಲ್ಲರಿಗೂ ಪರಿಚಿತ. ಕ್ರಿ.ಶ. 900ರ ಆಸುಪಾಸಿನಲ್ಲಿದ್ದ ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಈ ವಿಷಯವನ್ನು ವ್ಯವಸ್ಥಿತವಾಗಿ ಚರ್ಚಿಸಿದ್ದಾನೆ. ಕನ್ನಡದಲ್ಲಿ ನಾಗವರ್ಮನ 'ಕಾವ್ಯಾವಲೋಕನ'ದ ಕೊನೆಯ ಅಧಿಕರಣಕ್ಕೆ ಕವಿಸಮಯವೆಂದೇ ಹೆಸರು.

ರಾಜಶೇಖರನ ವಿಂಗಡಣೆಯಲ್ಲಿ ಒಂದು ವರ್ಗ ವಿಶೇಷವಾಗಿ ಗಮನಾರ್ಹ. ಲೋಕದಲ್ಲಿ ಇದ್ದರೂ ಕಾವ್ಯದಲ್ಲಿ ಹೇಳಬಾರದವುಗಳ ವರ್ಗ ಅದು. ವಸಂತದಲ್ಲಿ ಮಾಲತಿ, ಚಂದನವೃಕ್ಷದಲ್ಲಿ ಹೂವು ಹಣ್ಣುಗಳು, ಅಶೋಕದಲ್ಲಿ ಫಲ ಇವು ಅವನು ಕೊಡುವ ನಿದರ್ಶನಗಳು. ಇದನ್ನು ಹಿತ್ತಿಲಿನಲ್ಲಿ ನಿಂತು ಓದಬೇಕು. ನಮ್ಮ ಅಶೋಕವು ಬೇಸಗೆಯಲ್ಲಿ ಚಪ್ಪಟೆಯಾದ ಕಾಯಿಗಳನ್ನು ಬಿಡುತ್ತದೆ. ಮಾಲತಿಯೆಂದು ನಾವು ಗುರುತಿಸುವ ಜಾಜಿಯು ಮಳೆಗಾಲದಲ್ಲಿ ಮೈತುಂಬ ಅರಳುವ ಬಳ್ಳಿಯಾದರೂ ಫಾಲ್ಗುಣದಲ್ಲಿಯೂ ಅಲ್ಲೊಂದು ಇಲ್ಲೊಂದು ಹೂವನ್ನು ತೋರಿಸುತ್ತದೆ. ಅಂದರೆ ಶಾಸ್ತ್ರಕಾರನು ಇವುಗಳನ್ನು ನೋಡಿಯೇ ಇದ್ದನು. ಇವೆ ಎಂದು ಒಪ್ಪಿಕೊಂಡೇ, ಕಾವ್ಯದಲ್ಲಿ ಬೇಡವೆಂದನು. ಹೀಗೆ ಕವಿಸಮಯದೊಳಗೇ ಒಂದು ನಿರೀಕ್ಷಣೆ ಅಡಗಿದೆ. ಲೋಕದ ಸಂಗತಿಗೂ ಕಾವ್ಯದ ಸಂಗತಿಗೂ ಇರುವ ಅಂತರವನ್ನು ಬಲ್ಲವರು ಮಾತ್ರ ಇಂತಹ ಪಟ್ಟಿಯನ್ನು ಮಾಡಬಲ್ಲರು. ಮಾಲತಿಗೆ ಹೇಳಿದ ನಿಷೇಧವನ್ನು ಮಲ್ಲಿಗೆಗೂ ಅನ್ವಯಿಸಿಕೊಳ್ಳುವ ತಪ್ಪನ್ನು ವಿದ್ಯಾರ್ಥಿಗಳು ಮಾಡುವುದುಂಟು. ಇವೆರಡೂ ಬೇರೆ ಬೇರೆ. ಮಲ್ಲಿಗೆಯು ವಸಂತದಿಂದ ಬೇಸಗೆಯವರೆಗಿನದು. ನವಮಲ್ಲಿಕೆಯು ಮಾವು ಅಶೋಕಗಳ ಜೊತೆಗೆ ಕಾಮನ ಐದು ಬಾಣಗಳಲ್ಲಿ ಎಣಿಸಲ್ಪಟ್ಟಿದೆ.

10ನೆಯ ಶತಮಾನದ ಪಂಪನು 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯನ್ನು ನೆನೆಯುವ ಪದ್ಯಗಳು ಕನ್ನಡಿಗರೆಲ್ಲರಿಗೂ ಕಂಠಸ್ಥ. ಅಲ್ಲಿಯ ಸಾಮಗ್ರಿಯೂ ಬಹುಮಟ್ಟಿಗೆ ಸಿದ್ಧಪಟ್ಟಿಯದೇ. ತೆಂಕಣ ಗಾಳಿ, ಬಿರಿದ ಮಲ್ಲಿಗೆ, ವಸಂತೋತ್ಸವ ಇವು ಯಾವ ಕಾವ್ಯದಲ್ಲಿಯೂ ದೊರೆಯುತ್ತವೆ. ಆದರೆ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ, ಬನವಾಸಿಯಿಂದ ಬಹುದೂರದಲ್ಲಿದ್ದ ಕವಿಯು ಅವುಗಳನ್ನು ನೆನಪಿನ ಕಾರಣಗಳನ್ನಾಗಿ ಮಾಡಿದನು. ಮಲ್ಲಿಗೆ ಅರಳಿದ್ದನ್ನು ಕಂಡಾಗ ಊರು ನೆನಪಾಗುವುದು ಯಾರಿಗೂ ಆಗುವ ಅನುಭವ. ಪಟ್ಟಿ ಹಳೆಯದಾಗಿದ್ದೂ ಪ್ರಯೋಗ ಹೊಸದಾಗಬಹುದೆಂಬುದಕ್ಕೆ ಇದು ನಮ್ಮ ಸಾಹಿತ್ಯದ ಮೊದಲ ದೊಡ್ಡ ನಿದರ್ಶನ. ಎರಡನೆಯ ನಿದರ್ಶನ ಜನ್ನನದು. ಅದು ಇದಕ್ಕಿಂತ ಕಠಿಣವಾದದ್ದು.

ಮುತ್ತುಗದ ಪರಂಪರೆ

ಮುತ್ತುಗವನ್ನು ಸಂಸ್ಕೃತದಲ್ಲಿ ಪಲಾಶ, ಕಿಂಶುಕ ಎಂದು ಕರೆಯುತ್ತಾರೆ. ಇದು ಗಿಳಿಯೋ ಏನು ಎಂಬ ಪ್ರಶ್ನೆಯೇ ಕಿಂಶುಕವೆಂಬ ಹೆಸರಾಯಿತೆಂಬುದು ಪ್ರಸಿದ್ಧ ನಿರುಕ್ತಿ. ಹೂವಿನ ಬಾಗಿದ ಎಸಳನ್ನು ನೋಡಿದವರಿಗೆ ಗಿಳಿಯ ಕೊಕ್ಕು ನೆನಪಾಗದೆ ಇರದು. ಮೂರು ಮೂರಾಗಿ ಕೂಡಿದ ಇದರ ಎಲೆಗಳಿಂದ ನಮ್ಮ ಹಿರಿಯರು ಊಟದ ಎಲೆ ಹಚ್ಚುತ್ತಿದ್ದರು. ಹೂವಿನಿಂದ ಓಕುಳಿಯ ಬಣ್ಣ ತೆಗೆಯುತ್ತಿದ್ದರು. ವೈದಿಕ ಯಜ್ಞಗಳಲ್ಲಿ ಇದು ಸಮಿತ್ತಿನ ಮರ. ಬ್ರಹ್ಮಚಾರಿಯ ದಂಡವೂ ಇದರದೇ. ಇಷ್ಟೆಲ್ಲ ಇದ್ದರೂ ಹೂವಿಗೆ ಪರಿಮಳವಿಲ್ಲ. ರೂಪವಿದ್ದೂ ವಿದ್ಯೆಯಿಲ್ಲದವರನ್ನು ಗಂಧವಿಲ್ಲದ ಕಿಂಶುಕಕ್ಕೆ ಹೋಲಿಸುವ ಸುಭಾಷಿತವನ್ನು ನಾವೆಲ್ಲ ಬಾಲ್ಯದಲ್ಲಿ ಕಲಿತವರೇ.

ಸಂಸ್ಕೃತ ಕಾವ್ಯದಲ್ಲಿ ಮುತ್ತುಗದ ಮೊಗ್ಗು ಶೃಂಗಾರದ ಸಾಮಗ್ರಿ. ಕಾಳಿದಾಸನು 'ಕುಮಾರಸಂಭವ'ದ ಮೂರನೆಯ ಸರ್ಗದಲ್ಲಿ, ಅಕಾಲದಲ್ಲಿ ಬಂದ ವಸಂತವನ್ನು ವರ್ಣಿಸುತ್ತ, ಇನ್ನೂ ಅರಳದ, ಎಳೆಯ ಚಂದ್ರನಂತೆ ಬಾಗಿದ ಕಡುಗೆಂಪು ಪಲಾಶದ ಮೊಗ್ಗುಗಳನ್ನು ವಸಂತನೊಡನೆ ಕೂಡಿದ ವನಭೂಮಿಯ ಮೈಮೇಲಣ ಉಗುರುಗೀರುಗಳಿಗೆ ಹೋಲಿಸಿದ್ದಾನೆ. ಕೆಂಪು ಅಲ್ಲಿ ಪ್ರಣಯದ ಗುರುತು. ಗಾಯವೆಂಬುದು ನಿಜ, ಆದರೆ ಒಲಿದವರು ಮಾಡಿದ ಗಾಯ. ಆ ಮೊಗ್ಗುಗಳು ಮರದ ಮೇಲಿವೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಅಶೋಕದ ಪರಂಪರೆಯೂ ಇಂತಹದೇ. 7ನೆಯ ಶತಮಾನದ ಹರ್ಷನ 'ರತ್ನಾವಳಿ' ನಾಟಕದಲ್ಲಿ ರಾಣಿ ವಾಸವದತ್ತೆಯು ವಸಂತೋತ್ಸವದ ದಿನ ಅರಮನೆಯ ತೋಟದ ಕೆಂಪಶೋಕದ ಬುಡದಲ್ಲಿ ಮದನನನ್ನು ಪೂಜಿಸುತ್ತಾಳೆ. ವಸಂತದ ದೇವತೆ ಕಾಮ. ಅವನ ಗುಡಿ ಅಶೋಕದ ಅಡಿ. ಶತಮಾನಗಳ ಕಾಲ ನೆಲೆಗೊಂಡಿದ್ದ ಈ ಸಂಬಂಧವನ್ನೇ ಜನ್ನನು ಅಲುಗಿಸಿದ್ದು.

ಮಾರಿಯ ವಸಂತ

ಜನ್ನನು ಹೊಯ್ಸಳ ಎರಡನೆಯ ವೀರಬಲ್ಲಾಳನ ಆಸ್ಥಾನದವನು. ಅವನಿಂದಲೇ ಕವಿಚಕ್ರವರ್ತಿ ಬಿರುದನ್ನು ಪಡೆದವನು. 1209ರಲ್ಲಿ ರಚಿತವಾದ 'ಯಶೋಧರ ಚರಿತೆ' ನಾಲ್ಕು ಅವತಾರಗಳ, ಬಹುಪಾಲು ಕಂದಪದ್ಯಗಳಲ್ಲಿಯೇ ನಡೆಯುವ ಚಿಕ್ಕ ಕಾವ್ಯ. ಕಥೆ ಹೊಸದಲ್ಲ. ಸೋಮದೇವಸೂರಿಯು 959ರಲ್ಲಿ ಪಂಪನ ಆಶ್ರಯದಾತನ ವಂಶದವರ ಆಳ್ವಿಕೆಯಲ್ಲಿಯೇ 'ಯಶಸ್ತಿಲಕ'ವೆಂಬ ಮಹಾಚಂಪುವಾಗಿ ಇದನ್ನು ವಿಸ್ತರಿಸಿದ್ದನು. ವಾದಿರಾಜನು ಸಂಸ್ಕೃತದಲ್ಲಿ ಸಂಗ್ರಹವಾಗಿ ಹೇಳಿದ್ದನು. ಜನ್ನನು ವಾದಿರಾಜನ ಜಾಡಿನಲ್ಲಿ ನಡೆದವನು.

ಕಾವ್ಯವು ರಾಜಪುರದಲ್ಲಿ, ಮಾರಿದತ್ತನೆಂಬ ಅರಸು ಚಂಡಮಾರಿಗೆ ಬಲಿಯನ್ನು ಅಣಿಗೊಳಿಸುವಲ್ಲಿ ತೊಡಗುತ್ತದೆ. ಆ ಜಾತ್ರೆಗೆ ವಸಂತವೂ ತನ್ನ ಸಿದ್ಧತೆಗಳೊಡನೆ ಬರುತ್ತದೆ. ಆ ಸಿದ್ಧತೆಗಳನ್ನು ಹೇಳುವ ಪದ್ಯಗಳು ಕೆಲವೇ ಕೆಲವು. ಹೊಳೆಯುವ ಎಳೆಯ ಬಳ್ಳಿಗಳು ಮಾರಿಯ ಉಯ್ಯಾಲೆಯಾಗುತ್ತವೆ. ಕೆಂಪಶೋಕದ ತಳಿರು ಉರಿಯುವ ಕೊಂಡವಾಗುತ್ತದೆ. ಇನ್ನೊಂದು ಕಂದದಲ್ಲಿ ವಸಂತನು ಶಿಶಿರನನ್ನೇ ಹರಕೆಗೆ ಹಿಡಿದು ತರುತ್ತಾನೆ. ಮಾವಿನಡಿಯ ಮಂಚಿಕೆಯಲ್ಲಿ ಕೊಚ್ಚಿ ಹಾಕಿದ ಮಾಂಸದಂತೆ ಆ ವನದಲ್ಲಿ ಉದುರಿದ ಮುತ್ತುಗದ ಮೊಗ್ಗುಗಳು ತೋರುತ್ತವೆ.

ಈ ಪದ್ಯವನ್ನು ಬೀಭತ್ಸರಸದ ನಿದರ್ಶನವೆಂದು, ಸಂದರ್ಭಕ್ಕೆ ತಕ್ಕಂತೆ ವರ್ಣನೆಯನ್ನು ಹೊಂದಿಸಿದ ಔಚಿತ್ಯದ ಜಾಣ್ಮೆಯೆಂದು ನಾನು ಅನೇಕ ವರ್ಷ ವಿವರಿಸುತ್ತಿದ್ದೆ. ಹೂವನ್ನು ಮಾಂಸವೆನ್ನುವುದು ಕವಿಯು ಬುದ್ಧಿಬಲದಿಂದ ಎಳೆದು ತಂದ ಹೋಲಿಕೆಯೆಂದೇ ನನ್ನ ತಿಳಿವಳಿಕೆಯಾಗಿತ್ತು. ಒಂದು ಫಾಲ್ಗುಣದ ಬೆಳಿಗ್ಗೆ ಹಿತ್ತಿಲು ಗುಡಿಸುತ್ತಿದ್ದಾಗ ಆ ತಿಳಿವಳಿಕೆ ಸಡಿಲಿತು. ಗಿಳಿಗಳೂ ಅಳಿಲುಗಳೂ ಮಕರಂದಕ್ಕಾಗಿ ಮುತ್ತುಗದ ಮೊಗ್ಗುಗಳನ್ನು ಕಚ್ಚಿ, ಸೀಳಿ, ಕೆಳಕ್ಕೆ ಬಿಡುತ್ತವೆ. ಬೆಳಗಾಗುವಷ್ಟರಲ್ಲಿ ಮರದಡಿ ತುಂಡು ತುಂಡಾದ ಮೊಗ್ಗುಗಳ ರಾಶಿ ಬಿದ್ದಿರುತ್ತದೆ. ಅವು ದಪ್ಪವಾಗಿ, ತೇವವಾಗಿ, ಒಳಗೆ ಕೆಂಪಾಗಿ, ಹೊರಗೆ ಕಪ್ಪುಗಂದು ರೋಮದ ಪುಷ್ಪಪಾತ್ರೆಯನ್ನು ಅಂಟಿಸಿಕೊಂಡಿರುತ್ತವೆ. ರೋಮ ಸಹಿತವಾದ ಚರ್ಮದ ಚೂರಿನಂತೆಯೇ. ಮರದ ಮೇಲಿರುವ ಹೂವು ಯಾರಿಗೂ ಮಾಂಸವೆಂದು ತೋರದು. ಉದುರಿದ, ಅದರಲ್ಲಿಯೂ ಅರಳುವ ಮೊದಲೇ ಸೀಳಲ್ಪಟ್ಟು ಉದುರಿದ ಮೊಗ್ಗು ಮಾತ್ರ ಹಾಗೆ ತೋರುತ್ತದೆ. ಜನ್ನನು ಹೇಳಿದ್ದು ಉದುರಿದ ಮೊಗ್ಗುಗಳನ್ನೇ. ಕಾಳಿದಾಸನು ಕೊಂಬೆಯನ್ನು ನೋಡಿದನು, ಜನ್ನನು ನೆಲವನ್ನು ನೋಡಿದನು.

ಪದ್ಯದ ಮೊದಲ ಭಾಗವೂ ಅಷ್ಟೇ ನಿಖರವಾದದ್ದು. ಬಲಿಯಾಗುವವನು ಶಿಶಿರ. ಮುತ್ತುಗವು ಎಲೆಯುದುರಿಸಿ ನಿಲ್ಲುವುದು ಶಿಶಿರದಲ್ಲಿ, ಹೂ ತಳೆಯುವುದು ಹೊಸ ಎಲೆ ಬರುವ ಮೊದಲು. ಎರಡು ಋತುಗಳ ಸಂಧಿಯಲ್ಲಿ, ಒಂದು ಸಾಯುತ್ತ ಇನ್ನೊಂದು ಹುಟ್ಟುವ ಕೆಲವೇ ವಾರಗಳಲ್ಲಿ ನಡೆಯುವ ಸಂಗತಿ ಇದು. ಮಾವಿನ ಹೂವಿನ ಕಾಲವೂ ಅದನ್ನು ಕೂಡಿಕೊಳ್ಳುತ್ತದೆ. ಹೊಯ್ಸಳರ ರಾಜಧಾನಿ ದೋರಸಮುದ್ರ, ಇಂದಿನ ಹಳೇಬೀಡು, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಎಡೆಯಲ್ಲಿದೆ. ಮಾವೂ ಮುತ್ತುಗವೂ ಒಟ್ಟಿಗೆ ಕಾಣುವ ನೆಲ ಅದು. ಕಥೆಯ ರಾಜಪುರ ಎಲ್ಲಿಯದೇ ಆಗಿರಲಿ, ಅದರ ವಸಂತ ಕನ್ನಡ ನಾಡಿನದು.

ಹೋಲಿಕೆಯ ಹೊಣೆ

ಇಷ್ಟರಿಂದ ಜನ್ನನಿಗೆ ಸೂಕ್ಷ್ಮವಾದ ಕಣ್ಣಿತ್ತೆಂದು ಮಾತ್ರ ಸಿದ್ಧವಾಗುತ್ತದೆ. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ. ಈ ಹೋಲಿಕೆ ಈ ಕಾವ್ಯದಲ್ಲಿಯೇ ಏಕೆ ಬಂದಿತು?

ಯಶೋಧರನ ಕಥೆಯ ತಿರುಳಿರುವುದು ಒಂದು ಹೋಲಿಕೆಯಲ್ಲಿ. ಪ್ರಾಣಿಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಅದು ಕೋಳಿಯಂತೆ ಇರುವ ಹಿಟ್ಟು, ಕೋಳಿಯಲ್ಲ. ರಕ್ತವಿಲ್ಲ, ಜೀವವಿಲ್ಲ. ಆದರೂ ಬೆಂತರವೊಂದು ಅದರೊಳಹೊಕ್ಕು, ಕತ್ತಿ ಬಿದ್ದಾಗ ಕೂಗುತ್ತದೆ. ಆ ಒಂದು ಕೃತ್ಯದ ಫಲವಾಗಿ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಹಿಂಸೆಯು ಕೈಯಲ್ಲಿ ನಡೆಯುವ ಮೊದಲು ಸಂಕಲ್ಪದಲ್ಲಿ ನಡೆಯುತ್ತದೆಂಬ ಜೈನದರ್ಶನದ ನಿಲುವು ಇಲ್ಲಿ ಕಥೆಯಾಗಿದೆ. ಕೋಳಿಯಂತೆ ಕಾಣುವುದನ್ನು ಕೋಳಿಯೆಂದು ಬಗೆದು ಕಡಿದವನಿಗೆ, ಅದು ಬರಿಯ ಹಿಟ್ಟೆಂಬ ಸಮಾಧಾನ ದೊರೆಯುವುದಿಲ್ಲ.

ಈಗ ವಸಂತದ ಪದ್ಯಕ್ಕೆ ಮರಳಿದರೆ ಅದರ ಸ್ಥಾನ ಸ್ಪಷ್ಟವಾಗುತ್ತದೆ. ಹಿಟ್ಟು ಕೋಳಿಯಂತೆ ತೋರಿದ ಹಾಗೆ ಇಲ್ಲಿ ಹೂವು ಮಾಂಸದಂತೆ ತೋರಿದೆ. ರಾಜಪುರದಲ್ಲಿ ಇನ್ನೂ ಬಲಿ ನಡೆದಿಲ್ಲ; ಆದರೆ ಆ ಊರಿನ ಕಣ್ಣಿಗೆ ಕೊಂಡ, ಉಯ್ಯಾಲೆ, ಕೊಚ್ಚಿದ ಮಾಂಸ ಇವು ವನದಲ್ಲೆಲ್ಲ ಕಾಣಲಾರಂಭಿಸಿವೆ. ಸಂಕಲ್ಪವು ಕೆಟ್ಟಾಗ ಮೊದಲು ಕೆಡುವುದು ನೋಟ. ಹಿಟ್ಟಿನ ಕೋಳಿಯ ಕಥೆಯನ್ನು ಓದುಗನು ಕೇಳುವುದು ಈ ಪದ್ಯಗಳಾದ ಬಹಳ ಮೇಲೆ. ಆದ್ದರಿಂದ ಮೊದಲ ಓದಿನಲ್ಲಿ ಹೋಲಿಕೆ ಕೇವಲ ವಿಕಾರವಾಗಿ ತೋರುತ್ತದೆ. ಕಾವ್ಯವನ್ನು ಮುಗಿಸಿ ಮರಳಿ ಓದಿದವನಿಗೆ ಅದು ಮುನ್ಸೂಚನೆಯಾಗುತ್ತದೆ. ತಾನೂ ಕ್ಷಣಕಾಲ ಹೂವನ್ನು ಮಾಂಸವಾಗಿ ನೋಡಿದೆನಲ್ಲ ಎಂಬ ಅಳುಕೂ ಹುಟ್ಟುತ್ತದೆ.

ಅಶೋಕದ ವಿಷಯದಲ್ಲಿ ಈ ಅಳುಕು ಇನ್ನೂ ತೀವ್ರ. ತೀರ್ಥಂಕರರ ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ಮೊದಲನೆಯದು ಅಶೋಕವೃಕ್ಷ. ಸುರಪುಷ್ಪವೃಷ್ಟಿಯೂ ಆ ಎಂಟರಲ್ಲಿಯೇ ಒಂದು. ಜಿನಸೇನರ 'ಆದಿಪುರಾಣ'ದಲ್ಲಿ ಬರುವ ಸಮವಸರಣದ ವರ್ಣನೆಯಲ್ಲಿ ಅಶೋಕ, ಸಪ್ತಪರ್ಣ, ಚಂಪಕ, ಆಮ್ರಗಳ ನಾಲ್ಕು ವನಗಳಿವೆ. ಯಾವ ಮರದ ನೆರಳು ಸಕಲ ಜೀವಿಗಳಿಗೆ ಅಭಯವೋ ಅದೇ ಮರದ ತಳಿರು ಮಾರಿದತ್ತನ ವಸಂತದಲ್ಲಿ ಬೆಂಕಿಯ ಕೊಂಡವಾಗಿದೆ. ಆಮ್ರವನದ ಮಾವಿನ ಅಡಿಯೇ ಬಲಿಯ ಎಡೆಯಾಗಿದೆ. ಜೈನ ಓದುಗನಿಗೆ ಈ ತಲೆಕೆಳಗು ತಾನಾಗಿ ಹೊಳೆಯುತ್ತಿತ್ತು. ಕವಿ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಬಲಿಗೆಂದು ಹಿಡಿದು ತಂದ ಎಳೆಯರಿಬ್ಬರ ಹೆಸರುಗಳೇ ಅಭಯರುಚಿ, ಅಭಯಮತಿ. ಅಭಯರುಚಿಯು ಹೇಳುವ ಪೂರ್ವಜನ್ಮಗಳ ಕಥೆಯನ್ನು ಕೇಳಿದ ಮೇಲೆ ಬಲಿ ನಿಲ್ಲುತ್ತದೆ, ಮಾರಿದತ್ತ ವಿರಕ್ತನಾಗುತ್ತಾನೆ. ಕತ್ತಿಯನ್ನು ಹಿಡಿದವನ ನೋಟ ತಿದ್ದಿಕೊಂಡಿತೆಂಬುದೇ ಆ ಕಥೆಯ ಮುಕ್ತಾಯ.

ಇದಿಷ್ಟನ್ನೂ ಕವಿಯು ಉದ್ದೇಶಿಸಿದ್ದನೇ, ಸಂದರ್ಭೋಚಿತ ವರ್ಣನೆಯೆಂಬ ಸರಳ ವಿವರಣೆ ಸಾಲದೇ ಎಂಬ ಪ್ರಶ್ನೆ ಸಹಜ. ಸಂದರ್ಭೋಚಿತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಔಚಿತ್ಯಕ್ಕೆ ಭಯಂಕರವಾದ ಯಾವ ಹೋಲಿಕೆಯಾದರೂ ಸಾಕಾಗುತ್ತಿತ್ತು. ರಕ್ತದಂತೆ ಕೆಂಪಾದ ಹೂಗಳೆಂದು ಹೇಳಿ ಮುಗಿಸಬಹುದಾಗಿತ್ತು. ಜನ್ನನು ವಸಂತಕ್ಕೆ ಕಾಮನ ಬದಲು ಮಾರಿಯನ್ನು ದೇವತೆಯನ್ನಾಗಿಸಿದನು, ಪ್ರಣಯದ ಗಾಯವನ್ನು ಬಲಿಯ ಮಾಂಸವಾಗಿಸಿದನು, ಕೊಂಬೆಯಿಂದ ನೆಲಕ್ಕೆ ನೋಟವನ್ನು ಇಳಿಸಿದನು. ಮೂರೂ ಬದಲಾವಣೆಗಳು ಒಂದೇ ದಿಕ್ಕಿಗೆ ಸಾಗಿವೆ. ಸಿದ್ಧಪಟ್ಟಿಯ ಒಂದು ಹೂವನ್ನೂ ಅವನು ಬಿಟ್ಟುಕೊಡಲಿಲ್ಲ, ಹೊಸ ಹೂವೊಂದನ್ನೂ ಸೇರಿಸಲಿಲ್ಲ. ಪರಂಪರೆಯ ಸಾಮಗ್ರಿಯನ್ನೇ ಹಿಡಿದು ಆ ಪರಂಪರೆಯ ಸುಖವನ್ನು ಪ್ರಶ್ನಿಸಿದನು.

ಆದ್ದರಿಂದ ವಸಂತವರ್ಣನೆಗಳನ್ನು ಒಟ್ಟಾರೆಯಾಗಿ ಓದದೆ ಬಿಡುವ ರೂಢಿಯನ್ನು ನಾವು ತೊರೆಯಬೇಕು. ಯಾವ ಹೂವು, ಯಾವ ತಿಂಗಳು, ಕೊಂಬೆಯಲ್ಲೋ ನೆಲದಲ್ಲೋ, ಮೊಗ್ಗೋ ಅರಳಿದ್ದೋ ಎಂದು ಕೇಳುತ್ತ ಓದುವವರಿಗೆ ಆ ಪಟ್ಟಿಗಳ ನಡುವೆಯೇ ಒಬ್ಬೊಬ್ಬ ಕವಿಯ ಮುಖ ಕಾಣಿಸುತ್ತದೆ. ಇದಕ್ಕೆ ನಿಘಂಟಿನಷ್ಟೇ ಹಿತ್ತಿಲೂ ಬೇಕು.

ನಮ್ಮ ಮನೆಯಲ್ಲಿ ಸಂಜೆಯಾದ ಮೇಲೆ ಗಿಡವನ್ನು ಮುಟ್ಟಿ ಹೂ ಕೀಳಲು ಅಜ್ಜಿ ಬಿಡುತ್ತಿರಲಿಲ್ಲ. ಗಿಡ ಮಲಗಿದೆ ಎನ್ನುತ್ತಿದ್ದರು. ಗಿಡ ಮಲಗುವುದೆಂಬುದೂ ಒಂದು ಹೋಲಿಕೆಯೇ. ಮನುಷ್ಯನಂತೆ ಮರ ಎಂದು ನೋಡಿದ ನೋಟ ಕೈಯನ್ನು ತಡೆಯಿತು. ಕೋಳಿಯಂತೆ ಹಿಟ್ಟು ಎಂದು ನೋಡಿದ ನೋಟ ಕತ್ತಿಯನ್ನು ಎತ್ತಿಸಿತು. ಈ ವರ್ಷವೂ ಮುತ್ತುಗದಡಿ ಮೊಗ್ಗುಗಳು ಬಿದ್ದಿವೆ. ಅವನ್ನು ಬುಟ್ಟಿಗೆ ತುಂಬಿ ಮಾವಿನ ಬುಡಕ್ಕೆ ಗೊಬ್ಬರವಾಗಿ ಹಾಕಿದ್ದೇನೆ.